ಬಡಾವಣೆಯ ಉದ್ಯಾನದಲ್ಲಿ ಓಪನ್ ಜಿಮ್: ಯಂತ್ರ ಆರಿಸುವ ಮೊದಲು ನೆಲ ನೋಡಿ

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ನಮ್ಮಲ್ಲಿ ಸುಮಾರು 300 ಮನೆಗಳಿವೆ. ನಡುವೆ ಅರ್ಧ ಎಕರೆಯ ಉದ್ಯಾನವಿದೆ. ಅಲ್ಲಿ ಓಪನ್ ಜಿಮ್ ಮಾಡಿಸಲು ಶಾಸಕರ ನಿಧಿಯಿಂದ ಹಣ ಕೊಡಿಸುವ ಮಾತು ಸಿಕ್ಕಿದೆ. ಗುತ್ತಿಗೆದಾರರೊಬ್ಬರು ಕ್ಯಾಟಲಾಗ್ ತಂದು 12 ಯಂತ್ರಗಳ ಸೆಟ್ ತೋರಿಸಿದ್ದಾರೆ. ನೀರಿನ ಟ್ಯಾಂಕ್ ಪಕ್ಕದಲ್ಲಿ 30 ಅಡಿ ಉದ್ದ, 30 ಅಡಿ ಅಗಲದ ಮೂಲೆ ಖಾಲಿ ಇದೆ. ಅಲ್ಲಿ ಪೇವರ್ ಹಾಕಿ ಎಲ್ಲವನ್ನೂ ಕೂರಿಸುತ್ತೇವೆ ಎನ್ನುತ್ತಾರೆ. ನಮ್ಮದು ಎರೆ ನೆಲ, ಕಪ್ಪು ಮಣ್ಣು. ಪಕ್ಕದ ಬಡಾವಣೆಯಲ್ಲಿ ಇಂಥದ್ದೇ ಜಿಮ್ ಎರಡು ವರ್ಷದಲ್ಲಿ ತುಕ್ಕು ಹಿಡಿದಿದೆ, ಎರಡು ಯಂತ್ರ ವಾಲಿವೆ. ಸಭೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಹುಡುಗರಿಗೆ ಪುಲ್-ಅಪ್ ಕಂಬಿ ಬೇಕು. ಹಿರಿಯರಿಗೆ ಕಲ್ಲು ಹರಳಿನ ಆಕ್ಯುಪ್ರೆಶರ್ ದಾರಿ ಬೇಕು. ಸೊಂಟ ತಿರುಗಿಸುವ ಟ್ವಿಸ್ಟರ್ ಬೆನ್ನಿಗೆ ಒಳ್ಳೆಯದಲ್ಲ ಎಂದು ಸಂಘದಲ್ಲಿರುವ ವೈದ್ಯರೊಬ್ಬರು ಹೇಳುತ್ತಾರೆ. ಮಕ್ಕಳಿಗೆ ಪೆಟ್ಟಾದರೆ ಯಾರು ಹೊಣೆ ಎಂದು ತಾಯಂದಿರು ಕೇಳುತ್ತಾರೆ. ಉದ್ಯಾನದ ಎದುರಿನ ಎರಡು ಮನೆಯವರಿಗೆ ಬೆಳಗಿನ ಗದ್ದಲದ ಭಯ. ಇಷ್ಟೆಲ್ಲ ಮಾಡಿ ಜನರಿಗೆ ನಿಜವಾಗಿ ಉಪಯೋಗ ಆಗುತ್ತದೆಯೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ನೀವು ಕೇಳಿದ ಪ್ರಶ್ನೆಗಳು ಹಲವು, ಅವುಗಳ ಹಿಂದಿನ ಚಿಂತೆ ಒಂದೇ. ಒಮ್ಮೆ ಬಂದ ಸಾರ್ವಜನಿಕ ಹಣ ಪಕ್ಕದ ಬಡಾವಣೆಯಲ್ಲಿ ಆದಂತೆ ಮಣ್ಣುಪಾಲಾಗಬಾರದು, ಯಾರಿಗಾದರೂ ಪೆಟ್ಟಾಗಿ ಸಂಘ ತಲೆ ತಗ್ಗಿಸುವಂತೆ ಆಗಬಾರದು. ಇದು ನ್ಯಾಯವಾದ ಚಿಂತೆ. ಉದ್ಯಾನಗಳ ನಕ್ಷೆ ಮಾಡಿ, ಕೆಲಸ ಮುಗಿಯುವವರೆಗೂ ಜೊತೆಗೆ ನಿಲ್ಲುವುದು ನನ್ನ ವೃತ್ತಿ. ಅದರ ಅನುಭವದಿಂದ ನೇರವಾಗಿ ಹೇಳುತ್ತೇನೆ. ವ್ಯಾಯಾಮದ ಜಾಗ ಖಂಡಿತ ಮಾಡಿ. ಆದರೆ 12 ಯಂತ್ರ ಬೇಡ, ಟ್ಯಾಂಕ್ ಪಕ್ಕದ ಮೂಲೆ ಬೇಡ.

ಮೊದಲು ಜಾಗದ ಲೆಕ್ಕ ನೋಡೋಣ. ಒಂದು ಸಾಧಾರಣ ಯಂತ್ರ 1.2 ಮೀಟರ್ ಉದ್ದ, 0.8 ಮೀಟರ್ ಅಗಲ ಇರುತ್ತದೆ ಎಂದುಕೊಳ್ಳಿ. ಅದರ ಮೇಲೆ ನಿಂತವರ ಕಾಲು ಚಾಚುತ್ತದೆ, ಕೈ ಬೀಸುತ್ತದೆ. ಅಕಸ್ಮಾತ್ ಬಿದ್ದರೆ ಪಕ್ಕದ ಕಬ್ಬಿಣಕ್ಕೆ ತಲೆ ತಾಗಬಾರದು. ಅದಕ್ಕೆ ಸುತ್ತಲೂ ಒಂದೂವರೆ ಮೀಟರ್ ಖಾಲಿ ಬಿಡುತ್ತೇವೆ. ಆಗ ಒಂದು ಯಂತ್ರಕ್ಕೆ ಸುಮಾರು 170 ಚದರ ಅಡಿ ಬೇಕು. ನಿಮ್ಮ ಮೂಲೆ ಇರುವುದು 900 ಚದರ ಅಡಿ. ಅಲ್ಲಿ ಹಿಡಿಸುವುದು ಐದು ಯಂತ್ರ. ಪಕ್ಕಪಕ್ಕದ ಯಂತ್ರಗಳ ನಡುವಿನ ಜಾಗವನ್ನು ಹಂಚಿಕೊಂಡರೂ ಒಂದೆರಡು ಹೆಚ್ಚಿಗೆ ಹಿಡಿಸಬಹುದು, ಹನ್ನೆರಡಂತೂ ಆಗುವುದಿಲ್ಲ. 12 ಕೂರಿಸಿದರೆ ಒಬ್ಬರ ಕಾಲು ಇನ್ನೊಬ್ಬರ ಮೊಣಕಾಲಿಗೆ ಬಡಿಯುತ್ತದೆ. ಜನ ಎರಡು ದಿನ ಹೊಂದಿಕೊಂಡು ನೋಡುತ್ತಾರೆ, ಆಮೇಲೆ ಬರುವುದನ್ನೇ ಬಿಡುತ್ತಾರೆ.

ಇನ್ನು ಉಪಯೋಗದ ಪ್ರಶ್ನೆ. ಯಂತ್ರ ಇಟ್ಟರೆ ಆರೋಗ್ಯ ಬಂತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಮ್ಮ ಉದ್ಯಾನಗಳಲ್ಲಿ ಕಾಣುವ, ನಿಂತು ಕಾಲು ತೂಗುವ ಏರ್ ವಾಕರ್, ಟ್ವಿಸ್ಟರ್, ಭುಜ ತಿರುಗಿಸುವ ದೊಡ್ಡ ಚಕ್ರ, ಇವೆಲ್ಲ ಚೀನಾದ ವಸತಿ ಪ್ರದೇಶಗಳಲ್ಲಿ 1990ರ ದಶಕದ ಕೊನೆಯಿಂದ ಹಬ್ಬಿದ ಮಾದರಿಗಳು. ಅಲ್ಲಿ ಅವನ್ನು ಜಾಸ್ತಿ ಬಳಸುತ್ತಿದ್ದವರು ಹಿರಿಯರು. ಕೀಲುಗಳು ಸಡಿಲವಾಗಲಿ, ನಾಲ್ಕು ಜನರ ಜೊತೆ ಮಾತಾಡುತ್ತ ಮೈ ಅಲ್ಲಾಡಲಿ ಎಂಬುದಕ್ಕೆ ಅವು ಚೆನ್ನಾಗಿವೆ. ಆದರೆ ಏರ್ ವಾಕರ್‌ನಲ್ಲಿ ಕಾಲಿಗೆ ಎದುರೊತ್ತುವ ಭಾರ ಎಂಬುದೇ ಇಲ್ಲ. ಒಮ್ಮೆ ತಳ್ಳಿದರೆ ತಾನೇ ತೂಗುತ್ತದೆ. ಹತ್ತು ನಿಮಿಷ ಅದರ ಮೇಲೆ ತೂಗಾಡುವುದಕ್ಕಿಂತ ಹತ್ತು ನಿಮಿಷ ಬಿರುಸಾಗಿ ನಡೆದರೆ ಮೈಗೆ ಜಾಸ್ತಿ ಕೆಲಸ. ಎದೆಗೆ, ಕಾಲಿಗೆ ಎಂದು ಬರುವ ಒತ್ತುವ ಯಂತ್ರಗಳಲ್ಲಿ ನಿಮ್ಮ ಮೈತೂಕವನ್ನೇ ಸನ್ನೆಕೋಲಿನಿಂದ ಎತ್ತುತ್ತೀರಿ. ಆ ಭಾರವನ್ನು ಹೆಚ್ಚಿಸಲು ದಾರಿ ಇರುವುದಿಲ್ಲ. ಒಂದೆರಡು ತಿಂಗಳಲ್ಲಿ ಗಟ್ಟಿಮುಟ್ಟಾದವರಿಗೆ ಅದು ಸಲೀಸು. ಸಲೀಸಾದ ಮೇಲೆ ಸ್ನಾಯು ಬೆಳೆಯುವುದಿಲ್ಲ. ಟ್ವಿಸ್ಟರ್ ಮೇಲೆ ತಿರುಗಿದರೆ ಹೊಟ್ಟೆ ಕರಗುತ್ತದೆ ಎಂಬುದು ಇನ್ನೊಂದು ನಂಬಿಕೆ. ದೇಹ ಒಂದೇ ಜಾಗದ ಕೊಬ್ಬನ್ನು ಆರಿಸಿ ಕರಗಿಸುವುದಿಲ್ಲ. ಒಟ್ಟು ಚಟುವಟಿಕೆ ಹೆಚ್ಚಿ, ಊಟ ಹಿಡಿತದಲ್ಲಿದ್ದರೆ ಎಲ್ಲ ಕಡೆಯದೂ ನಿಧಾನವಾಗಿ ಇಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ನಿಮ್ಮ ಸಭೆಯ ಮೇಜಿನ ಮೇಲೆ ಇರಲಿ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸ್ವಲ್ಪ ಏದುಸಿರು ಬರುವಂಥ ಚಟುವಟಿಕೆ ಬೇಕು. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಬೇಕು. 65 ದಾಟಿದವರಿಗೆ ಇದರ ಜೊತೆ ವಾರಕ್ಕೆ ಮೂರು ದಿನ ಸಮತೋಲನ ಮತ್ತು ಬಲದ ಅಭ್ಯಾಸ ಇರಬೇಕು, ಬೀಳುವುದನ್ನು ತಡೆಯಲು. ಈ ಮೂರನ್ನೂ ಪಕ್ಕದಲ್ಲಿಟ್ಟು ಕ್ಯಾಟಲಾಗ್ ತಿರುವಿ ನೋಡಿ. ಮೊದಲನೆಯದಕ್ಕೆ ಬೇಕಾದದ್ದು ನಡೆಯುವ ದಾರಿ. ಎರಡನೆಯದಕ್ಕೆ ಕಂಬಿಗಳು, ಗಟ್ಟಿ ಬೆಂಚು. ಮೂರನೆಯದಕ್ಕೆ ಹಿಡಿಕೆ, ಮೆಟ್ಟಿಲು, ಸರಿಯಾದ ಎತ್ತರದ ಕುರ್ಚಿ. ಗುತ್ತಿಗೆದಾರರ ಸೆಟ್‌ನಲ್ಲಿ ಇವು ಯಾವುವೂ ಇರಲಿಕ್ಕಿಲ್ಲ. ಹಾಗಾಗಿ ನನ್ನ ಮಾತು ಇಷ್ಟೇ: ಹಣದ ದೊಡ್ಡ ಪಾಲು ದಾರಿಗೆ, ನೆರಳಿಗೆ, ನೆಲಕ್ಕೆ, ಕಂಬಿಗಳಿಗೆ ಹೋಗಲಿ. ಯಂತ್ರ ನಾಲ್ಕೋ ಐದೋ ಸಾಕು.

ನಡೆಯುವ ದಾರಿಯಿಂದ ಶುರು ಮಾಡಿ. ನಿಮ್ಮ ಅರ್ಧ ಎಕರೆ ಸುಮಾರು 180 ಅಡಿಗೆ 120 ಅಡಿ ಇದ್ದರೆ, ಒಳಸುತ್ತಿನ ದಾರಿ ಹತ್ತಿರ ಹತ್ತಿರ 170 ಮೀಟರ್ ಬರುತ್ತದೆ. ಆರು ಸುತ್ತಿಗೆ ಒಂದು ಕಿಲೋಮೀಟರ್. ಅಗಲ ಆರು ಅಡಿ ಇರಲಿ. ಇಬ್ಬರು ಮಾತಾಡುತ್ತ ನಡೆಯಬಹುದು, ಎರಡು ವೀಲ್‌ಚೇರ್ ಎದುರುಬದುರಾದರೂ ಇಕ್ಕಟ್ಟಾಗುವುದಿಲ್ಲ. ಮೂಲೆಗಳನ್ನು ಲಂಬವಾಗಿ ತಿರುಗಿಸಬೇಡಿ, ಬಾಗಿಸಿ. ಗೇಟಿನ ಹತ್ತಿರ ಮೆಟ್ಟಿಲಿದ್ದರೆ ಪಕ್ಕದಲ್ಲಿ ಇಳಿಜಾರು ಮಾಡಿಸಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಇದಕ್ಕಿಂತ ಕಡಿದಾಗಬಾರದು. ಮೇಲ್ಮೈಗೆ ನುಣುಪು ಟೈಲ್ಸ್ ಹಾಕಿಸುವ ಚಪಲ ಬಹಳ ಜನರಿಗೆ ಇರುತ್ತದೆ. ಮಳೆ ಬಿದ್ದ ದಿನ ಅದು ಸೊಂಟದ ಮೂಳೆ ಮುರಿಯುವ ಜಾಗ. ಒರಟು ಪೇವರ್ ಆದೀತು, ಚೆನ್ನಾಗಿ ಬಡಿದು ಕೂರಿಸಿದ ಗರಸು ಇನ್ನೂ ಒಳ್ಳೆಯದು. ಮೊಣಕಾಲು ನೋವಿನವರು ಗರಸಿನ ದಾರಿಯನ್ನೇ ಮೆಚ್ಚುತ್ತಾರೆ. ಒಂದೇ ತೊಂದರೆ, ಗರಸಿಗೆ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಹೊಸ ಪದರ ಹಾಕಬೇಕು. ಅದಕ್ಕೆ ಸಂಘ ಸಿದ್ಧವಿಲ್ಲದಿದ್ದರೆ ಪೇವರ್‌ಗೇ ಹೋಗಿ.

ಆಕ್ಯುಪ್ರೆಶರ್ ದಾರಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹಿರಿಯರ ಆಸೆಯನ್ನು ತಳ್ಳಿಹಾಕಲು ಅಲ್ಲ. ಹರಳಿನ ಮೇಲೆ ನಡೆದರೆ ಪಾದಕ್ಕೆ ಹಿತ ಎನಿಸಬಹುದು. ಆದರೆ ಆ ದಾರಿಗೆ ಮೊದಲು ಚಪ್ಪಲಿ ಬಿಡುವವರು ಯಾರು? ಸಕ್ಕರೆ ಕಾಯಿಲೆ ಇರುವವರೇ. ಅದರಿಂದ ಸಕ್ಕರೆ ಇಳಿಯುತ್ತದೆ ಎಂದು ಯಾರೋ ಹೇಳಿರುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನ 2023ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ. ನಿಮ್ಮ 300 ಮನೆಗಳಲ್ಲೂ ಹಲವರಿಗೆ ಇದ್ದೇ ಇರುತ್ತದೆ. ಹಳೆಯ ಮಧುಮೇಹದಲ್ಲಿ ಪಾದದ ನರಗಳು ಜಡವಾಗುತ್ತವೆ. ಹರಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಸಣ್ಣ ಗಾಯ ಹುಣ್ಣಾಗಿ, ಬೆರಳು ಕತ್ತರಿಸುವವರೆಗೂ ಹೋಗಬಹುದು. ಮಧುಮೇಹಿಗಳು ಬರಿಗಾಲಲ್ಲಿ ನಡೆಯಬಾರದು ಎಂದು ವೈದ್ಯರು ಹೇಳುವುದು ಇದಕ್ಕೇ. ನಾನಾಗಿದ್ದರೆ ಆ ಹಣವನ್ನು ಹುಲ್ಲಿನ ಹಾಸಿಗೆ ಹಾಕುತ್ತೇನೆ. ಹಿರಿಯರು ಒಪ್ಪದೇ ಇದ್ದರೆ ತೀರಾ ಚಿಕ್ಕದಾಗಿ ಮಾಡಿ. ಎರಡೂ ಬದಿ ಹಿಡಿಕೆ ಇರಲಿ, ಹರಳು ಚೂಪಾಗಿರದೆ ನುಣ್ಣಗಿರಲಿ. ‘ಮಧುಮೇಹ ಇದ್ದವರು ಇಲ್ಲಿ ಬರಿಗಾಲಲ್ಲಿ ನಡೆಯಬೇಡಿ’ ಎಂಬ ಫಲಕ ಎದ್ದು ಕಾಣುವಂತಿರಲಿ.

ಹಿರಿಯರಿಗೆ ನಿಜವಾಗಿ ನೆರವಾಗುವ ವಸ್ತುಗಳು ನೋಡಲು ಏನೇನೂ ಆಕರ್ಷಕವಲ್ಲ. ಒಂದೂವರೆ ಅಡಿ ಎತ್ತರದ, ಎರಡೂ ಕಡೆ ಕೈ ಊರಲು ಹಿಡಿಕೆ ಇರುವ ಗಟ್ಟಿ ಬೆಂಚು. ಅದರ ಮೇಲೆ ಕೈ ಊರದೆ ಹತ್ತು ಸಲ ಕೂತು ಏಳುವುದೇ ತೊಡೆಗೆ ಒಳ್ಳೆಯ ವ್ಯಾಯಾಮ. ಆರು ಇಂಚಿನ ಒಂದು ಮೆಟ್ಟಿಲು, ಪಕ್ಕದಲ್ಲಿ ಕಂಬಿ. ಸುಮಾರು ಮೂರಡಿ ಎತ್ತರದಲ್ಲಿ ಹತ್ತು ಹದಿನೈದು ಅಡಿ ಉದ್ದಕ್ಕೆ ಎರಡು ಕಂಬಿಗಳು. ಅವುಗಳ ನಡುವೆ ಒಂದು ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಬಹುದು, ಒಂಟಿ ಕಾಲಲ್ಲಿ ನಿಲ್ಲಬಹುದು. ಹಿರಿಯರಿಗೆ ಏನಾದರೂ ಮಾಡುವ ಮೊದಲು ನಾನು ಫಿಸಿಯೋಥೆರಪಿಸ್ಟ್ ಒಬ್ಬರನ್ನು ಜಾಗಕ್ಕೆ ಕರೆದೊಯ್ಯುತ್ತೇನೆ. ಅವರು ಪ್ರತಿ ಸಲ ಕೇಳುವುದು ಇವನ್ನೇ. ಇದಕ್ಕೆ ಬೇರಿಂಗ್ ಬೇಡ, ಗ್ರೀಸ್ ಬೇಡ. ಸ್ಥಳೀಯ ವೆಲ್ಡರ್ ಮತ್ತು ಮೇಸ್ತ್ರಿ ಸೇರಿ ಮಾಡಬಲ್ಲರು.

ಟ್ವಿಸ್ಟರ್ ಬಗ್ಗೆ ನಿಮ್ಮ ವೈದ್ಯರ ಮಾತಿನಲ್ಲಿ ಹುರುಳಿದೆ. ಆರೋಗ್ಯವಂತರು ನಿಧಾನವಾಗಿ, ಸ್ವಲ್ಪವೇ ತಿರುಗಿದರೆ ಭಯಪಡಬೇಕಿಲ್ಲ. ಕಷ್ಟ ಇರುವುದು ಡಿಸ್ಕ್ ತೊಂದರೆ ಇರುವವರಿಗೆ, ಮೂಳೆ ಸವೆದ ಹಿರಿಯ ಹೆಂಗಸರಿಗೆ. ಅದೂ ಅಲ್ಲದೆ, ಬೇರಿಂಗ್ ಸಲೀಸಾಗಿ ತಿರುಗುವುದರಿಂದ ಎಲ್ಲರೂ ರಭಸದಿಂದ ತಿರುಗಿಸುತ್ತಾರೆ. ನೋಡಿಕೊಳ್ಳುವವರಿಲ್ಲದ ಜಾಗದಲ್ಲಿ ಅದನ್ನು ಇಡದೇ ಇರುವುದೇ ಮೇಲು. ತಲೆ ಕೆಳಗಾಗುವ ಸಿಟ್-ಅಪ್ ಹಲಗೆಗೂ ಇದೇ ಮಾತು. ರಕ್ತದೊತ್ತಡ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರಿಗೆ ಅದು ಆಗದು. ಕೂತು ಕಾಲಿನಿಂದ ಒತ್ತುವ ಯಂತ್ರ, ಕೂತು ಎಳೆಯುವ ಯಂತ್ರ, ಭುಜದ ಚಕ್ರ, ರೋಯಿಂಗ್, ಈ ನಾಲ್ಕು ಸಾಕು. ಏರ್ ವಾಕರ್ ಬೇಕೇ ಬೇಕು ಎಂದು ಹಟ ಹಿಡಿದರೆ, ಕಾಲು ಅತಿಯಾಗಿ ಹಿಂದೆ ಮುಂದೆ ಹೋಗದಂತೆ ರಬ್ಬರ್ ತಡೆ ಇರುವುದನ್ನು ಆರಿಸಿ.

ಇನ್ನು ಹುಡುಗರ ಪುಲ್-ಅಪ್ ಕಂಬಿ. ಸಭೆಯಲ್ಲಿ ಇದನ್ನು ಕಡೆಗಣಿಸಬೇಡಿ. ನಿಮ್ಮ ಸೀಮೆ ಗರಡಿಮನೆಗಳ ಸೀಮೆ. ದಂಡ, ಬಸ್ಕಿ ಹೊಡೆದು ಮೈ ಕಟ್ಟಿದ ಪೈಲ್ವಾನರಿಗೆ ಯಾವ ಯಂತ್ರವೂ ಇರಲಿಲ್ಲ. ಎರಡು ಮೂರು ಎತ್ತರದ ಕಂಬಿಗಳು, ಒಂದು ಜೋಡಿ ಪ್ಯಾರಲಲ್ ಬಾರ್, ಓರೆಯಾಗಿ ದಂಡ ಹೊಡೆಯಲು ಎರಡು ಬೇರೆ ಬೇರೆ ಎತ್ತರದ ಕಲ್ಲು ಬೆಂಚು. ಇಷ್ಟು ಕೊಟ್ಟರೆ 15ರಿಂದ 40ರವರೆಗಿನವರು ವರ್ಷಗಟ್ಟಲೆ ಬರುತ್ತಾರೆ. ಒಂದು ಕಂಬಿ ಆರಡಿಗಿಂತ ತಗ್ಗಿರಲಿ, ಕಲಿಯುವವರಿಗೆ ಮತ್ತು ಹೆಣ್ಣುಮಕ್ಕಳಿಗೆ.

ಕಂಬಿಯ ಕೆಳಗೆ ಮಾತ್ರ ಪೇವರ್ ಬೇಡವೇ ಬೇಡ. ಅಲ್ಲಿಂದ ಜನ ಜಾರಿ ಬೀಳುತ್ತಾರೆ. ಗರಡಿಯಲ್ಲಿ ಅಖಾಡದ ಮಣ್ಣನ್ನು ಅಗೆದು ಸಡಿಲ ಮಾಡಿಕೊಂಡೇ ಕುಸ್ತಿಗೆ ಇಳಿಯುವುದು ಯಾಕೆ ಎಂದು ನಿಮ್ಮೂರಿನ ಹಳಬರಿಗೆ ಗೊತ್ತು. ಇಲ್ಲಿ ಮೂರು ಆಯ್ಕೆಗಳಿವೆ. ರಬ್ಬರ್ ಟೈಲ್ಸ್ ನೋಡಲು ಚಂದ, ವೀಲ್‌ಚೇರ್ ಕೂಡ ಸರಾಗ. ಆದರೆ ದುಬಾರಿ. ಏಪ್ರಿಲ್ ಬಿಸಿಲಿಗೆ ಕಾದು ಕಾಲಿಡಲು ಆಗುವುದಿಲ್ಲ. ಕೆಳಗಿನ ಕಾಂಕ್ರೀಟ್ ಸರಿ ಇಲ್ಲದಿದ್ದರೆ ಅಂಚು ಎದ್ದು ಎಡವಿಸುತ್ತದೆ. ಹುಲ್ಲು ಎರಡೇ ತಿಂಗಳಲ್ಲಿ ತುಳಿದು ಹೋಗುತ್ತದೆ, ಎರೆ ನೆಲದಲ್ಲಿ ಮಳೆ ಬಂತೆಂದರೆ ಕೆಸರು. ನನ್ನ ಆಯ್ಕೆ ಮರಳು, ಕನಿಷ್ಠ ಒಂದು ಅಡಿ ಆಳಕ್ಕೆ. ಇಲ್ಲಿ ಒಂದು ಎಚ್ಚರಿಕೆ: ಎಂ-ಸ್ಯಾಂಡ್ ಹಾಕಿಸಬೇಡಿ. ಅದು ಕಲ್ಲು ಪುಡಿ ಮಾಡಿದ್ದು, ಕಣಗಳು ಮೂಲೆಮೂಲೆಯಾಗಿರುತ್ತವೆ, ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ಕಟ್ಟಡಕ್ಕೆ ಅದು ಗುಣ, ಬಿದ್ದ ಮೈಗೆ ಅಲ್ಲ. ಗುಂಡು ಕಣದ, ತೊಳೆದ ಮರಳು ಬೇಕು. ಕೆಳಗೆ ನೀರು ಹರಿದು ಹೋಗಲು ತೂತಿನ ಪೈಪ್ ಇಡಿ. ಇಲ್ಲದಿದ್ದರೆ ಎರೆ ನೀರು ಇಳಿಸದೆ ಅದು ಹೊಂಡವಾಗುತ್ತದೆ. ವಾರಕ್ಕೊಮ್ಮೆ ಕುಂಟೆಯಿಂದ ಕೆದಕಬೇಕು, ಬೆಕ್ಕು ನಾಯಿಗಳ ಹೊಲಸು ತೆಗೆಯಬೇಕು. ಮಾಲಿ ಇಲ್ಲದ ಸಂಘಕ್ಕೆ ಇದು ಭಾರ, ಅದನ್ನೂ ಹೇಳಿಬಿಡುತ್ತೇನೆ. ಕೂತು ಮಾಡುವ ಯಂತ್ರಗಳ ಕೆಳಗೆ ಒರಟು ಪೇವರ್ ನಡೆಯುತ್ತದೆ, ಅಲ್ಲಿ ಬೀಳುವ ಎತ್ತರ ಕಡಿಮೆ.

ಪಕ್ಕದ ಬಡಾವಣೆಯ ಯಂತ್ರಗಳು ವಾಲಿದ್ದಕ್ಕೆ ಕಾರಣ ಹೆಚ್ಚಾಗಿ ಎರೆ ಮಣ್ಣು. ಅದು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಒಂದೂವರೆ ಅಡಿ ಗುಂಡಿ ತೋಡಿ, ಕಾಂಕ್ರೀಟ್ ಸುರಿದು ಬೋಲ್ಟ್ ಹಾಕಿದರೆ, ಆ ಕಾಂಕ್ರೀಟ್ ಗಡ್ಡೆ ಮಣ್ಣಿನ ಜೊತೆ ಏರುತ್ತದೆ, ಇಳಿಯುತ್ತದೆ. ಎಲ್ಲ ಕಡೆ ಸಮನಾಗಿ ಏರಿಳಿದರೆ ಚಿಂತೆ ಇರಲಿಲ್ಲ. ಒಂದು ಬದಿ ಒದ್ದೆ, ಇನ್ನೊಂದು ಬದಿ ಒಣಗಿದ್ದರೆ ಕಂಬ ವಾಲುತ್ತದೆ. ಟ್ಯಾಂಕ್ ಪಕ್ಕದ ಮೂಲೆ ಬೇಡ ಎಂದದ್ದು ಇದಕ್ಕೇ. ಟ್ಯಾಂಕ್ ತುಂಬಿ ಚೆಲ್ಲಿದಾಗಲೆಲ್ಲ ಆ ಬದಿ ನೆನೆಯುತ್ತದೆ. ಮರದ ಬುಡಕ್ಕೆ ತೀರಾ ಹತ್ತಿರವೂ ಬೇಡ. ಬೇರು ನೀರೆಳೆದು ಅಲ್ಲಿನ ಮಣ್ಣನ್ನು ಕುಗ್ಗಿಸುತ್ತದೆ.

ಮಾಡಬೇಕಾದದ್ದು ಹೀಗೆ. ಮೊದಲು ಒಂದು ಗುಂಡಿ ತೋಡಿಸಿ ಎರೆ ಎಷ್ಟು ಆಳ ಇದೆ ನೋಡಿ. ಮೂರು ನಾಲ್ಕು ಅಡಿಗೆ ಗರಸು ಸಿಕ್ಕರೆ ಅಡಿಪಾಯವನ್ನು ಅಲ್ಲಿಗೇ ಇಳಿಸಿ. ಸಿಗದಿದ್ದರೆ ಯಂತ್ರಗಳ ಜಾಗದ ಎರೆ ತೆಗೆದು, ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ಬಡಿದು, ಮೇಲೆ ಕಬ್ಬಿಣ ಹಾಕಿದ ಒಂದೇ ಕಾಂಕ್ರೀಟ್ ಹಾಸು ಮಾಡಿ. ಎಲ್ಲ ಯಂತ್ರಗಳೂ ಆ ಹಾಸಿಗೇ ಬಿಗಿಯಲಿ. ಎರೆ ತುಂಬಾ ಆಳವಿದ್ದು, ಎತ್ತರದ ಪುಲ್-ಅಪ್ ಕಂಬಗಳಿದ್ದರೆ ಅಂಡರ್-ರೀಮ್ಡ್ ಪೈಲ್ ಎಂಬ ವಿಧಾನವಿದೆ. ಬುಡದಲ್ಲಿ ಅಗಲವಾದ ಕಂಬವನ್ನು ಆಳದ ಗಟ್ಟಿ ನೆಲದಲ್ಲಿ ಕಚ್ಚಿಸುವುದು. ನಿಮ್ಮ ಭಾಗದ ಎಂಜಿನಿಯರುಗಳಿಗೆ ಇದು ಚೆನ್ನಾಗಿ ಗೊತ್ತು. ಸುತ್ತ ನೀರು ನಿಲ್ಲದಂತೆ ಹೊರಗೆ ಇಳಿಜಾರು ಕೊಡಿ. ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರುಣಿಸಿ. ಉದ್ಘಾಟನೆಯ ದಿನಾಂಕ ಹತ್ತಿರ ಬಂತೆಂದು ಇದನ್ನೇ ಎಲ್ಲರೂ ಕಡಿತ ಮಾಡುವುದು.

ತುಕ್ಕಿನ ಕಥೆ ಬೇರೆ. ‘ಜಿಐ ಪೈಪ್ ಸಾರ್, ತುಕ್ಕು ಹಿಡಿಯಲ್ಲ’ ಎಂದು ಗುತ್ತಿಗೆದಾರರು ಹೇಳಿರುತ್ತಾರೆ. ಪೈಪಿನ ಮೇಲೆ ಸತುವಿನ ಲೇಪ ಇರುತ್ತದೆ, ನಿಜ. ಆದರೆ ಅದನ್ನು ಕತ್ತರಿಸಿ ವೆಲ್ಡ್ ಮಾಡಿದ ಕೂಡಲೇ ಆ ಜಾಗದಲ್ಲಿ ಸತು ಸುಟ್ಟು ಹೋಗುತ್ತದೆ. ಮೇಲೆ ಬಣ್ಣ ಹೊಡೆದರೆ ಒಂದು ವರ್ಷ ಕಾಣುವುದಿಲ್ಲ. ತುಕ್ಕು ಮೊದಲು ಹುಟ್ಟುವುದು ವೆಲ್ಡಿಂಗ್ ಗುರುತಿನಲ್ಲಿ, ಕಂಬ ನೆಲ ಸೇರುವ ಕಡೆ. ಅದಕ್ಕೆ ಪರಿಹಾರ, ಇಡೀ ಭಾಗವನ್ನು ವೆಲ್ಡ್ ಮಾಡಿ ಮುಗಿಸಿದ ಮೇಲೆ ಕರಗಿದ ಸತುವಿನಲ್ಲಿ ಅದ್ದಿಸುವುದು, ಆಮೇಲೆ ಬಣ್ಣ. ಅದಕ್ಕೆ ಐಎಸ್ 4759 ಎಂಬ ಭಾರತೀಯ ಮಾನದಂಡವಿದೆ. ಬಿಲ್ಲಿನಲ್ಲಿ ಆ ಸಂಖ್ಯೆ ಬರೆಸಿಕೊಳ್ಳಿ. ಮುಖ್ಯ ಕಂಬದ ಗೋಡೆ 3 ಮಿಲಿಮೀಟರಿಗಿಂತ ತೆಳು ಇರಬಾರದು ಎಂದು ನಾನು ಷರತ್ತು ಹಾಕುತ್ತೇನೆ. ಬೇರಿಂಗ್ ಮುಚ್ಚಿದ ಬಗೆಯದಾಗಿರಲಿ. ಪೈಪಿನ ಬಾಯಿಗಳಿಗೆ ಗಟ್ಟಿ ಮುಚ್ಚಳ ಇರಲಿ, ಇಲ್ಲದಿದ್ದರೆ ಒಳಗೆ ನೀರು ನಿಂತು ಒಳಗಿನಿಂದಲೇ ತಿನ್ನುತ್ತದೆ.

ತಾಯಂದಿರ ಭಯ ಸುಮ್ನೆ ಅಲ್ಲ. ಈ ಯಂತ್ರಗಳಲ್ಲಿ ನಾನು ಕಂಡ ಪೆಟ್ಟುಗಳಲ್ಲಿ ಹೆಚ್ಚಿನವು ಮಕ್ಕಳವೇ. ಏರ್ ವಾಕರ್ ಅವರಿಗೆ ಜೋಕಾಲಿ. ಒಬ್ಬ ತೂಗುತ್ತಾನೆ, ಎದುರಿಗೆ ಬಂದವನ ಹಣೆಗೆ ಬಡಿಯುತ್ತದೆ. ಕೀಲುಗಳ ಸಂದಿಯಲ್ಲಿ ಬೆರಳು ಸಿಕ್ಕುತ್ತದೆ. ಯುರೋಪಿನಲ್ಲಿ ಇಂಥ ಯಂತ್ರಗಳಿಗೆ ಇರುವ ಇಎನ್ 16630 ಎಂಬ ಮಾನದಂಡ, ಇವು 1.4 ಮೀಟರಿಗಿಂತ ಎತ್ತರ ಇರುವವರಿಗೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ಯಂತ್ರ ಕೊಳ್ಳುವಾಗ ಆ ಮಾನದಂಡದ ಪ್ರಮಾಣಪತ್ರ ಕೇಳಿ. ಗೇಟಿನ ಹತ್ತಿರ ಕಂಬಕ್ಕೆ 1.4 ಮೀಟರಿನಲ್ಲಿ ಒಂದು ಕೆಂಪು ಗೆರೆ ಎಳೆಯಿರಿ, ಗೆರೆಗಿಂತ ಗಿಡ್ಡ ಇದ್ದವರಿಗೆ ಯಂತ್ರ ಇಲ್ಲ. ಮಕ್ಕಳ ಆಟದ ಜಾಗ ಯಂತ್ರಗಳಿಗೆ ಅಂಟಿಕೊಂಡಿರಬಾರದು, ಹಾಗಂತ ಕಣ್ಣಿಗೆ ಮರೆಯಾಗಲೂ ಬಾರದು. ನಡುವೆ ಸೊಂಟದೆತ್ತರದ ಗಿಡದ ಬೇಲಿ ಇರಲಿ. ಅಮ್ಮ ವ್ಯಾಯಾಮ ಮಾಡುತ್ತಲೇ ಜಾರುಬಂಡೆಯ ಮೇಲಿನ ಮಗುವನ್ನು ನೋಡುವಂತಿರಬೇಕು. ಹಾಗಿಲ್ಲದಿದ್ದರೆ ಚಿಕ್ಕ ಮಕ್ಕಳ ತಾಯಂದಿರು ಬರುವುದೇ ಇಲ್ಲ.

ಹೆಂಗಸರ ಮಾತು ಬಂತಲ್ಲ, ಅವರನ್ನು ಬೇರೆಯಾಗಿ ಕೂರಿಸಿ ಕೇಳಿ. ದೊಡ್ಡ ಸಭೆಯಲ್ಲಿ ಅವರು ಬಾಯಿ ಬಿಡುವುದು ಕಡಿಮೆ. ಬೇಕಾದದ್ದು ಸರಳ. ರಸ್ತೆಯ ಚಹಾ ಅಂಗಡಿಗೆ ಎದುರಾಗಿ ಯಂತ್ರ ಇರಬಾರದು, ಆದರೆ ಜನರ ಕಣ್ಣಳತೆಯಲ್ಲಿ ಇರಬೇಕು. ಸಂಜೆ ಏಳಕ್ಕೆ ಬೆಳಕಿರಬೇಕು. ಸೀರೆಯ ನೆರಿಗೆ, ದುಪ್ಪಟ್ಟಾ ಸಿಕ್ಕಿಕೊಳ್ಳುವ ಸೈಕಲ್, ಕ್ರಾಸ್ ಟ್ರೇನರ್ ಬಗೆಯ ಯಂತ್ರಗಳನ್ನು ನಾನು ಸೂಚಿಸದೇ ಇರುವುದಕ್ಕೆ ಇದೂ ಒಂದು ಕಾರಣ.

ನೆರಳಿಲ್ಲದೆ ಇದೆಲ್ಲ ವ್ಯರ್ಥ. ಜನ ಸಂಜೆ ಐದರಿಂದ ಏಳರವರೆಗೆ ಬರುತ್ತಾರೆ, ಆಗ ಬಿಸಿಲು ಪಶ್ಚಿಮದಿಂದ ಓರೆಯಾಗಿ ಬೀಳುತ್ತದೆ. ಹಾಗಾಗಿ ಮರಗಳ ಪೂರ್ವಕ್ಕೆ ಯಂತ್ರ ಇರಲಿ. ಮರ ಇಲ್ಲದಿದ್ದರೆ ಪಶ್ಚಿಮದ ಬದಿಗೆ ಹೊಂಗೆ, ಬೇವು ಈಗಲೇ ನೆಡಿ. ಗುಲ್‌ಮೊಹರ್ ಬೇಡ, ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಅದರ ಕೊಂಬೆ ಮುರಿದು ಬೀಳುತ್ತದೆ. ತೆಂಗಿನ ಮರದ ಕೆಳಗೆ, ವಿದ್ಯುತ್ ತಂತಿಯ ಕೆಳಗೆ ಏನನ್ನೂ ಇಡಬೇಡಿ.

ಹೊಣೆಯ ಪ್ರಶ್ನೆಗೆ ಬರೋಣ. ಉದ್ಯಾನ ನಿಮ್ಮ ಸಂಘದ ಆಸ್ತಿ ಅಲ್ಲ. ಬಡಾವಣೆ ಹಸ್ತಾಂತರವಾಗಿದ್ದರೆ ಅದು ಮಹಾನಗರ ಪಾಲಿಕೆಯದು, ಆಗದಿದ್ದರೆ ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ. ಬೆಂಗಳೂರಿನಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು, 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿ ನಿಂತಿತು. ಯಂತ್ರ ಕೂರಿಸುವುದು ಅಂಥ ತಪ್ಪೇನಲ್ಲ. ಆದರೂ ಲಿಖಿತ ಅನುಮತಿ ಇಲ್ಲದೆ ಒಂದು ಗುಂಡಿಯನ್ನೂ ತೋಡಬೇಡಿ. ಯಂತ್ರ ಯಾರ ಹೆಸರಿನಲ್ಲಿ ದಾಖಲಾಗುತ್ತದೆ, ಕೆಟ್ಟರೆ ಯಾರು ರಿಪೇರಿ ಮಾಡಿಸುತ್ತಾರೆ, ಈ ಎರಡೂ ಆ ಪತ್ರದಲ್ಲಿ ಇರಬೇಕು. ಅನುಮತಿಗೆ ಮೊದಲೇ ಕ್ಯಾಟಲಾಗ್ ಬಂದಿದ್ದರೆ ಹೆಜ್ಜೆ ಸ್ವಲ್ಪ ನಿಧಾನ ಮಾಡಿ.

ಎದುರು ಮನೆಯವರ ಗದ್ದಲದ ಭಯಕ್ಕೆ ಉತ್ತರ ಸುಲಭ. ಯಂತ್ರ ಕಿರುಗುಟ್ಟುವುದು ಬೇರಿಂಗ್ ಒಣಗಿದಾಗ. ಅದು ನಿರ್ವಹಣೆಯ ವಿಷಯ. ನಿಜವಾದ ಗದ್ದಲ ಸ್ಪೀಕರ್‌ನದು, ಮಾತಿನದು. ಶಬ್ದ ಮಾಲಿನ್ಯದ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ರಾತ್ರಿ ಎಂದೇ ಲೆಕ್ಕ, ವಸತಿ ಪ್ರದೇಶದ ಮಿತಿ ಆಗ 45 ಡೆಸಿಬೆಲ್. ಉದ್ಯಾನದಲ್ಲಿ ಸ್ಪೀಕರ್ ಯಾವ ಹೊತ್ತಿಗೂ ಬೇಡ ಎಂದು ನಿಯಮ ಮಾಡಿ, ಯಂತ್ರಗಳನ್ನು ಆ ಮನೆಗಳಿಂದ ದೂರದ ಬದಿಗಿಡಿ. ಆ ಇಬ್ಬರನ್ನೂ ಸಮಿತಿಗೆ ಸೇರಿಸಿಕೊಳ್ಳಿ.

ಈಗ ನಿಮ್ಮ ಮುಂದೆ ಇರುವ ದಾರಿಗಳು. ಗುತ್ತಿಗೆದಾರರ ಸೆಟ್ ಹಾಗೇ ಒಪ್ಪಿದರೆ ಕೆಲಸ ತಿಂಗಳಲ್ಲಿ ಮುಗಿಯುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಎರಡು ವರ್ಷದ ನಂತರ ಪಕ್ಕದ ಬಡಾವಣೆಯ ಸ್ಥಿತಿ ನಿಮ್ಮದೂ ಆಗುವ ಸಂಭವವೇ ಜಾಸ್ತಿ. ನಾನು ಹೇಳಿದಂತೆ ದಾರಿ, ಕಂಬಿ, ಹಿರಿಯರ ಮೂಲೆ ಮತ್ತು ನಾಲ್ಕು ಯಂತ್ರ ಎಂದರೆ ಹೆಚ್ಚು ಸಮಯ ಹಿಡಿಯುತ್ತದೆ, ಎಂಜಿನಿಯರ್ ಜೊತೆ ಹತ್ತು ಸಲ ಓಡಾಡಬೇಕಾಗುತ್ತದೆ. ಹಣ ಕಡಿಮೆ ಬಂದರೆ ಮೂರನೆಯ ದಾರಿ: ಈ ವರ್ಷ ಯಂತ್ರವೇ ಬೇಡ. ದಾರಿ, ದೀಪ, ಬೆಂಚು, ಕಂಬಿ ಮಾಡಿ, ಯಂತ್ರದ ಜಾಗ ಗುರುತಿಸಿ ಖಾಲಿ ಬಿಡಿ. ಇದರ ತೊಂದರೆ ರಾಜಕೀಯದ್ದು. ಯಂತ್ರ ಇಲ್ಲದೆ ‘ಜಿಮ್ ಎಲ್ಲಿ?’ ಎಂದು ಜನ ಕೇಳುತ್ತಾರೆ, ಮುಂದಿನ ವರ್ಷ ಹಣ ಬರುವ ಖಾತ್ರಿ ಇಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೆಯದನ್ನು ಆರಿಸುತ್ತೇನೆ. ಅದು ಆಗದಿದ್ದರೆ ಮೂರನೆಯದು, ಮೊದಲನೆಯದು ಯಾವ ಕಾರಣಕ್ಕೂ ಅಲ್ಲ.

ಯಾವುದನ್ನೇ ಆರಿಸಿದರೂ ಮೊದಲು ಒಂದು ವಾರ ಉದ್ಯಾನದಲ್ಲಿ ಕೂತು ಎಣಿಸಿ. ಬೆಳಿಗ್ಗೆ, ಸಂಜೆ ಯಾರು ಬರುತ್ತಾರೆ, ಯಾವ ವಯಸ್ಸಿನವರು, ಎಲ್ಲಿ ಕೂರುತ್ತಾರೆ, ಯಾವ ಹೊತ್ತಿಗೆ ಎಲ್ಲಿ ನೆರಳು. ಕಾಲೇಜು ಹುಡುಗರಿಗೆ ಈ ಕೆಲಸ ಕೊಟ್ಟರೆ ಸಂತೋಷದಿಂದ ಮಾಡುತ್ತಾರೆ. ಆ ಹಾಳೆ ಹಿಡಿದುಕೊಂಡು ಎಸ್ಟಿಮೇಟ್ ಮಾಡುವ ಎಂಜಿನಿಯರ್ ಹತ್ತಿರ ಹೋಗಿ. ಶಾಸಕರ ನಿಧಿಯ ಕೆಲಸವನ್ನು ಸರ್ಕಾರಿ ಸಂಸ್ಥೆಯೇ ಮಾಡಿಸುತ್ತದೆ, ಹಣ ನಿಮ್ಮ ಕೈಗೆ ಬರುವುದಿಲ್ಲ. ಆದ್ದರಿಂದ ಬಿಲ್ ತಡೆಯುವ ಅಧಿಕಾರವೂ ನಿಮಗಿಲ್ಲ. ಏನೇ ಷರತ್ತು ಇದ್ದರೂ ಎಸ್ಟಿಮೇಟ್ ಮತ್ತು ಟೆಂಡರ್ ಹಂತದಲ್ಲೇ ಸೇರಬೇಕು. ಎರೆ ಮಣ್ಣಿಗೆ ತಕ್ಕ ಅಡಿಪಾಯ, ವೆಲ್ಡ್ ಆದ ಮೇಲೆ ಸತು, ಕನಿಷ್ಠ ಎರಡು ಮಳೆಗಾಲ ದಾಟುವ ದೋಷ ಹೊಣೆ ಅವಧಿ (ದೋಷ ಕಂಡರೆ ಗುತ್ತಿಗೆದಾರರೇ ಸರಿಪಡಿಸಿಕೊಡಬೇಕಾದ ಅವಧಿ), ಬಿಡಿಭಾಗ ಸಿಗುವ ಭರವಸೆ.

ನಿರ್ವಹಣೆಗೆ ಸಂಘದಲ್ಲಿ ಬೇರೆಯೇ ಹಣ ಇಡಿ. ಯಂತ್ರಗಳ ಬೆಲೆಯ ಹತ್ತರಲ್ಲೊಂದು ಭಾಗ ಪ್ರತಿ ವರ್ಷ ಎತ್ತಿಡಿ ಎಂದು ನಾನು ಸಂಘಗಳಿಗೆ ಹೇಳುತ್ತೇನೆ. ಒಬ್ಬರಿಗೆ ಸ್ಪ್ಯಾನರ್ ಮತ್ತು ಗ್ರೀಸ್ ಡಬ್ಬಿ ಒಪ್ಪಿಸಿ. ಅವರು ವಾರಕ್ಕೊಮ್ಮೆ ಪ್ರತಿ ಯಂತ್ರ ಅಲ್ಲಾಡಿಸಿ ನೋಡಲಿ, ತಿಂಗಳಿಗೊಮ್ಮೆ ಬೋಲ್ಟ್ ಬಿಗಿ ಮಾಡಲಿ, ಒಂದು ನೋಟ್‌ಬುಕ್‌ನಲ್ಲಿ ಬರೆದಿಡಲಿ. ಕೆಟ್ಟ ಯಂತ್ರಕ್ಕೆ ಅದೇ ದಿನ ಸರಪಳಿ ಸುತ್ತಿ ಬೀಗ ಹಾಕಬೇಕು. ಫಲಕದಲ್ಲಿ ದೂರು ಹೇಳಬೇಕಾದ ಫೋನ್ ನಂಬರ್ ಇರಲಿ. ಎದೆನೋವು, ತಲೆಸುತ್ತು ಬರುವವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಯಂತ್ರ ಹತ್ತಬಾರದು ಎಂದೂ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ. ನಿಮ್ಮ ಸಂಘದ ವೈದ್ಯರು ಮೊದಲ ತಿಂಗಳು ವಾರಕ್ಕೊಂದು ಸಂಜೆ ಬಂದು ನಿಂತರೆ ಇನ್ನೂ ಒಳ್ಳೆಯದು, ಕೇಳಿ ನೋಡಿ.

ಅಗೆತದ ಕೆಲಸವನ್ನು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಮಳೆ ಶುರುವಾದ ಮೇಲೆ ಎರೆಯಲ್ಲಿ ಗುಂಡಿ ತೋಡಿದರೆ ಬದಿ ಕುಸಿಯುತ್ತದೆ, ಗರಸು ಬಡಿದರೂ ಕೂರುವುದಿಲ್ಲ. ಮೊದಲ ಮಳೆಗಾಲ ಕಳೆದು, ನವೆಂಬರಿನಲ್ಲಿ ಎಂಜಿನಿಯರ್ ಅವರನ್ನು ಕರೆಸಿ ಪ್ರತಿ ಕಂಬಕ್ಕೂ ತೂಗುಗುಂಡು ಹಿಡಿದು ನೋಡಿಸಿ. ವಾಲಿದ್ದು ಕಂಡರೆ ದೋಷ ಹೊಣೆ ಅವಧಿಯೊಳಗೇ ಲಿಖಿತವಾಗಿ ತಿಳಿಸಿ, ಒಂದು ಪ್ರತಿಗೆ ಕಚೇರಿಯ ಮುದ್ರೆ ಹಾಕಿಸಿಕೊಂಡು ಸಂಘದ ಫೈಲಿನಲ್ಲಿ ಇಟ್ಟುಕೊಳ್ಳಿ.